ಹಳೇ ಪೇಪರು

ವಾರ್ಡೊ ಊರಿನಲ್ಲಿ ಸೂರ್ಯ ರಜೆ ಹಾಕಿ ಮೂರು ವಾರ.
ಶಾಲೆಯ ಪಡಸಾಲೆಯಲ್ಲಿ ನಲವತ್ತು ಜೊತೆ ಬೂಟು
ಬಾಯಿ ತೆರೆದು ಕೂತಿವೆ.
ಒಂದು ಜೊತೆಗೆ ಮಾತ್ರ ಹಿಮ ತುರುಕಿದ್ದಾರೆ,
ಮೀನಿನ ಪೀಪಾಯಿಗೆ ಉಪ್ಪು ಗಿಡಿಯುವ ಹಾಗೆ.

ನಾನು ಇಲ್ಲಿನ ಜವಾನ. ಬೀಗ, ಬಲ್ಬು, ಹೀಟರು ನನ್ನವು.
ಮಕ್ಕಳು ನನ್ನ ಪಾಲಿಗಿಲ್ಲ.
ತೋರ್ಯುಸ್ ಬಂದು ಬೂಟು ಕವುಚಿ ಬಡಿಯುತ್ತಾನೆ,
ಬೈಯುವುದಿಲ್ಲ, ಯಾರೆಂದು ಸುತ್ತ ನೋಡುವುದಿಲ್ಲ.
ಹತ್ತು ವರ್ಷಕ್ಕೇ ಇಷ್ಟು ಅಚ್ಚುಕಟ್ಟು
ಒಳ್ಳೆಯ ಲಕ್ಷಣವಲ್ಲ.

ಊಟದ ಹೊತ್ತಿಗೆ ಬಾಯ್ಲರ್ ಕೋಣೆಗೆ ಬರುತ್ತಾನೆ.
ಕಂದು ಚೀಸಿನ ಬ್ರೆಡ್ಡು, ಅರ್ಧ ನನಗೆ.
ಆಚೆ ಯಾರಾದರೂ ನಕ್ಕರೆ ಅಗಿಯುವುದು ನಿಲ್ಲುತ್ತದೆ.
ಯಾರ ನಗುವಾದರೂ ಸರಿ,
ಅವನ ವಿಳಾಸಕ್ಕೇ ಬಂದು ಬೀಳುತ್ತದೆ.

ಮಂಗಳವಾರ ಟೀಚರಮ್ಮನ ಬಳಿ ಬಣ್ಣದ ಚೀಟಿಗಳ ಪಾಠ:
ಕಣ್ಣು ನೋಡು. ಹಲೋ ಅನ್ನು. ಹೆಸರು ಕೇಳು.
ಎಲ್ಲ ಬಾಯಿಪಾಠ.
ನನ್ನೆದುರು ಒಪ್ಪಿಸುತ್ತಾನೆ, ಬಾಯ್ಲರಿಗೂ ಹಲೋ ಅನ್ನುತ್ತಾನೆ.
ಅಂಗಳಕ್ಕೆ ಹೋದರೆ ನಾಲಿಗೆ ಅಂಟಿಕೊಳ್ಳುತ್ತದೆ,
ಚಳಿಯಲ್ಲಿ ಕಬ್ಬಿಣದ ಕಂಬ ನೆಕ್ಕಿದವರ ಹಾಗೆ.
ಪಾಠ ಬೇಕಾದವರು ಅಂಗಳದಲ್ಲಿದ್ದಾರೆ,
ಪರೀಕ್ಷೆ ಇವನಿಗೆ.

ಹೇಳಿಬಿಡುತ್ತೇನೆ. ಇದೇ ಪಡಸಾಲೆಯಲ್ಲಿ
ಐವತ್ತು ವರ್ಷದ ಹಿಂದೆ ಓಡ್ವಾರನ ಬೂಟಿಗೆ ಹಿಮ ತುಂಬಿದ ಕೈ
ಇದೇ, ಈಗ ಕೀಲಿಗೊಂಚಲು ಹಿಡಿದದ್ದು.
ಓಡ್ವಾರ್ ಬಂದರಿನಲ್ಲಿ ಕ್ರೇನು ನಡೆಸುತ್ತಾನೆ.
ಅಂಗಡಿಯಲ್ಲಿ ನನ್ನ ಬೆನ್ನು ಕಂಡರೆ
ಇನ್ನೂ ಉದ್ದದ ಸಾಲಿಗೆ ಹೋಗಿ ನಿಲ್ಲುತ್ತಾನೆ.
ತಪ್ಪಾಯಿತು ಅನ್ನುವುದಕ್ಕೆ
ನನಗೆ ಯಾರೂ ಚೀಟಿ ಕೊಟ್ಟಿರಲಿಲ್ಲ.

ನಿನ್ನೆ ಬೇರೊಂದು ಜೊತೆಯಲ್ಲಿ ಹಿಮ.
ಕಾರಾಸ್ಯೋಕ್‌ನಿಂದ ಬಂದ ಹೊಸ ಹುಡುಗಿ ಮಾರಿತ್
ಒದ್ದೆ ಕಾಲುಚೀಲದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು.
ತೋರ್ಯುಸ್ ನಿಂತ. ಬಾಯಿ ತೆರೆದ. ಹಲೋ ಬರಲಿಲ್ಲ.
ಓಡಿಬಂದು ನನ್ನ ಹಳೇ ಪೇಪರಿನ ಕಟ್ಟು ಎಳೆದ,
ಉಂಡೆ ಮಾಡಿ ಅವಳ ಬೂಟಿನ ತುದಿಯವರೆಗೆ ತುರುಕಿದ,
ಹೀಟರಿನ ಮೇಲೆ ಓರೆಯಾಗಿ ಇಟ್ಟ.
"ನೆಟ್ಟಗೆ ಇಟ್ಟರೆ ಹಿಮ್ಮಡಿ ಒಣಗಲ್ಲ,"
ಬೂಟಿಗೇ ಹೇಳಿದ.
"ಗಂಟೆಗೊಮ್ಮೆ ಪೇಪರ್ ಬದಲಾಯಿಸಬೇಕು."
ಕಣ್ಣು ನೋಡಲಿಲ್ಲ, ಹೆಸರು ಕೇಳಲಿಲ್ಲ.
ಟೀಚರಮ್ಮನ ಲೆಕ್ಕದಲ್ಲಿ ಸೊನ್ನೆ.

ಗಂಟೆ ಕಳೆದ ಮೇಲೆ ಕೋಣೆಯ ಬಾಗಿಲು ತಟ್ಟಿದವಳು ಅವಳು:
ಪೇಪರ್ ಇನ್ನೂ ಇದೆಯಾ?
ಹಳೆಯದು ಮುಗಿದಿತ್ತು.
ಆ ದಿನದ್ದನ್ನೇ ಹರಿದು ಕೊಟ್ಟೆ,
ಪದಬಂಧ ಅರ್ಧ ತುಂಬಿದ್ದು.