ಕನ್ನಡಿ ಇಳಿಯದ ಕ್ಯಾಮೆರಾ

ಶಿವರಾಂಪೇಟೆಯ ನನ್ನ ಮೆಟ್ಟಿಲು ಹತ್ತಿ
ಪಾಂಡವಪುರದ ಚೆಲುವೇಗೌಡರು ಬಂದರು.
ಚೌಕಳಿ ಟವೆಲಿನೊಳಗೆ ಎರಡು ಕ್ಯಾಮೆರಾ,
ಒಂದು ಹಳೇದು, ಇನ್ನೊಂದು ಅದೇ ಕಂಪನಿಯ ತಮ್ಮ.

'ಹಳೇದು ಕೆಟ್ಟೋಗೈತೆ ಅಂತಾನೆ ನಮ್ ತಂಗಿ ಮಗ.
ಕ್ಲಿಕ್ ಅಂದ್ರೆ ಕತ್ಲೆ. ರೀಲು ಎಳೆಯೋಗಂಟ
ಏನೂ ಕಾಣಕಿಲ್ಲ.'

ತಳದ ತಗಡು ಬಿಚ್ಚಿದೆ. ನಾಲ್ಕು ಸ್ಕ್ರೂಗಳನ್ನೂ
ಡಬ್ಬಿ ಮುಚ್ಚಳದಲ್ಲಿ ಬಂದ ಸಾಲಿಗೇ ಇಟ್ಟು ಹೇಳಿದೆ:
ಕೆಟ್ಟಿಲ್ಲ ಗೌಡರೇ, ಇದು ಹುಟ್ಟಿದ್ದೇ ಹೀಗೆ.
ಇದರ ಕನ್ನಡಿಗೆ ಏಳುವುದು ಗೊತ್ತು, ಇಳಿಯುವುದು ಗೊತ್ತಿಲ್ಲ;
ನಿಮ್ಮ ಹೆಬ್ಬೆರಳೇ ಅದನ್ನು ಕರೆದು ಕೂರಿಸಬೇಕು.
ತಮ್ಮನ ಹೊತ್ತಿಗೆ ಒಂದು ಸ್ಪ್ರಿಂಗು ಬಂತು,
ಅಕ್ಕಿಕಾಳಿನಷ್ಟು.
ಈಗ ಕನ್ನಡಿ ಎದ್ದದ್ದೂ ತಿಳಿಯದು, ಕೂತದ್ದೂ ತಿಳಿಯದು.

ಇನ್ನೂ ಇವೆ. ಹಳೇದರಲ್ಲಿ ಫೋಕಸ್ ಮಾಡಿ,
ಆಮೇಲೆ ಉಂಗುರ ತಿರುಗಿಸಿ ಕಿಂಡಿ ಕಿರಿದು ಮಾಡಿ,
ಮಸುಕಿನಲ್ಲೇ ಮದುವೆ ತೆಗೆಯಬೇಕಿತ್ತು.
ತಮ್ಮನ ಲೆನ್ಸು ಕೊನೆಯವರೆಗೂ ಕಣ್ಣರಳಿಸಿಕೊಂಡಿದ್ದು
ಗುಂಡಿ ಒತ್ತಿದಾಗ ತಾನೇ ಕಿರಿದಾಗುತ್ತದೆ.
ಒಳಗೊಂದು ಮುಳ್ಳು ಬೇರೆ, ಬೆಳಕು ತೂಗುವುದಕ್ಕೆ,
ಸಂತೆ ತಕ್ಕಡಿಯ ಹಾಗೆ, ನಡುವೆ ನಿಂತರೆ ಸರಿ.

'ಆ ಮುಳ್ ನಂಬಿ ಎರಡು ಮದ್ವೆ ಕೆಡಿಸ್ಕಂಡೆ' ಎಂದರು.
'ಬಿಳಿ ಪಂಚೆ, ಬಿಳಿ ಶರ್ಟು, ಎಲ್ರೂ ಬೂದಿ ಬಳ್ಕಂಡಂಗೆ.
ನಮ್ ಲೆಕ್ಕವೇ ವಾಸಿ: ಚಪ್ಪರದೊಳಗೆ ನಾಲ್ಕು, ಬಯಲಲ್ಲಿ ಹನ್ನೊಂದು.'

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು,
'ಮುನ್ನೂರು ಧಾರೆ ತೆಗ್ದಿವ್ನಿ ಈ ಹಳೇದ್ರಲ್ಲಿ.
ಗಟ್ಟಿಮೇಳ ಕೇಳಿವ್ನಿ. ತಾಳಿ ಕಟ್ಟಿದ್ದು
ಒಂದೂ ನೋಡ್ಲಿಲ್ಲ ಕಣ್ರೀ.'

ಹೊಸದರಲ್ಲೂ ಅಷ್ಟೇ, ಕತ್ತಲೆ ಚಿಕ್ಕದು,
ಎನ್ನಲು ಹೋಗಿ ನುಂಗಿಕೊಂಡೆ.

ಅವರದೇ ಮದುವೆಗೆ, ಕೆರೆತೊಣ್ಣೂರಿನಲ್ಲಿ,
ಬೇರೆಯವರ ಕೈಗೆ ಕೊಡಲು ಮನಸ್ಸು ಬಾರದೆ
ಸ್ಟ್ಯಾಂಡಿಗೇರಿಸಿ ಟೈಮರ್ ತಿರುವಿದ್ದರಂತೆ.
ಜೀರುಂಡೆಯ ಲೆಕ್ಕ ಹತ್ತು ಸೆಕೆಂಡು.
ಐನೋರ ಮಂತ್ರದ್ದು ಹನ್ನೆರಡು.
ಪರ್ಸಿನಿಂದ ತೆಗೆದು ತೋರಿಸಿದರು:
ತಾಯಮ್ಮ ತಲೆ ತಗ್ಗಿಸಿದ್ದಾರೆ, ತಾಳಿ ಗಾಳಿಯಲ್ಲಿದೆ,
ಮದುವೆಗಂಡು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾನೆ
ಬಾಯಿ ಅರ್ಧ ತೆರೆದು, ಎಣಿಸುತ್ತ.

'ಇದೊಂದನ್ನಾದರೂ ನೋಡಿದಿರಲ್ಲ, ಆಮೇಲೆ?'
'ಎಲ್ಲಿ? ಕಣ್ ಕ್ಯಾಮೆರಾ ಮ್ಯಾಲಿತ್ತು.
ರೀಲ್ ಎಳೀಬೇಕಿತ್ತಲ್ಲ.'

ಬೂಷ್ಟು ಒರೆಸಿದೆ. ಸೂಜಿ ತುದಿಯಲ್ಲಿ ಒಂದು ಹನಿ ಎಣ್ಣೆ.
ತಗಡು ಮುಚ್ಚಿ, ರೀಲಿಲ್ಲದ ಹಳೇದನ್ನು
ಪರೀಕ್ಷೆಗೆಂದು ಕಣ್ಣಿಗೆ ಹಿಡಿದೆ.
ಕಿಟಕಿಯ ಬೆಳಕಲ್ಲಿ ಗೌಡರು, ಟವೆಲು ಮಡಿಸುತ್ತ.
ಒತ್ತಿದೆ.

ಕತ್ತಲೆ.
ಅದರೊಳಗಿಂದ 'ಎಷ್ಟಾಯ್ತು?' ಎನ್ನುತ್ತಿದೆ ಒಂದು ದನಿ.
ಹೆಬ್ಬೆರಳು ಇನ್ನೂ ಲಿವರಿನ ಮೇಲೆಯೇ ಇದೆ.