ಹೆಸರಿಲ್ಲದ ಬಾಬ್ತು

ಶಿಡ್ಲಘಟ್ಟದ ನಮ್ಮ ಸಭೆಗೆ ಮೂವತ್ತೆಂಟು ಮನೆ,
ಒಂದು ಹಾರ್ಮೋನಿಯಂ, ಅದರಲ್ಲೂ ಎರಡು ಮನೆ ಮೂಕ,
ಮತ್ತೆ ಮರದ ಹಿಡಿಗೆ ಹೊಲಿದ
ಕೆಂಪು ಮಕಮಲ್ಲಿನ ಕಾಣಿಕೆ ಚೀಲ.
ಹೊಲಿದವರು ಬುದ್ಧಿವಂತರು, ಆಳ ಇಟ್ಟಿದ್ದಾರೆ:
ಒಳಗೆ ಹೋದ ಕೈ ಮಣಿಕಟ್ಟಿನವರೆಗೂ ಕಾಣಿಸದು.
ಐನೂರು ಹಾಕುವ ಕೈಗೂ, ಸುಮ್ಮನೆ ಬಂದ ಕೈಗೂ
ಅಲ್ಲಿ ಒಂದೇ ಕತ್ತಲು.

ನಾನು ಖಜಾಂಚಿ.
ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ
ಜಮಖಾನದ ಮೇಲೆ ಸುರಿದು ಎಣಿಸುತ್ತೇನೆ,
ನೋಟು ನೋಟಿನ ಜೊತೆ, ಚಿಲ್ಲರೆ ಚಿಲ್ಲರೆಯ ಜೊತೆ.
ವಾರಕ್ಕೊಂದು ಹತ್ತರ ನೋಟು ಮಾತ್ರ
ಎಣಿಸುವ ಮೊದಲೇ ತನ್ನ ಗುರುತು ಹೇಳುತ್ತಿತ್ತು:
ಎಂಟು ಮಡಿಕೆ, ಕಿರುಬೆರಳ ಉಗುರಿನಷ್ಟು,
ಬೆಂದ ರೇಷ್ಮೆಹುಳದ ವಾಸನೆ.

ನಮ್ಮೂರಲ್ಲಿ ಆ ವಾಸನೆಗೆ ಯಾರೂ ಮೂಗು ಮುಚ್ಚುವುದಿಲ್ಲ,
ಅದು ಅನ್ನದ ವಾಸನೆ.
ಆದರೆ ಮೂವತ್ತೆಂಟು ಮನೆಯಲ್ಲಿ
ಸತ್ತಾರ್ ಸಾಹೇಬರ ಬೇಸಿನ್ನಿಗೆ ಹೋಗುವವಳು ಒಬ್ಬಳೇ,
ದೀನಮ್ಮ.
ಬಿಸಿನೀರಲ್ಲಿ ಗೂಡು ತಡವಿ, ಎಳೆ ಹುಡುಕಿ ಹುಡುಕಿ
ಬೆರಳ ತುದಿ ಬಿಳಿಚಿ ಮರಗಟ್ಟಿವೆ.
ಬಲಗೈ ಕೊಟ್ಟದ್ದು ಬಲಗೈಗೇ ತಿಳಿಯುವುದಿಲ್ಲ,
ಎಡಗೈ ಮಾತು ಇನ್ನೆಲ್ಲಿ.

ಆ ವರ್ಷ ಕಮಿಟಿಯಲ್ಲಿ ನಾನೇ ಎದ್ದು ನಿಂತು ಹೇಳಿದೆ:
ಹೊಸ ಛಾವಣಿಗೆ ಸಾವಿರದ ಮೇಲೆ ಕೊಟ್ಟವರ ಹೆಸರು
ಕಪ್ಪು ಗ್ರಾನೈಟಿನ ಮೇಲೆ, ಚಿನ್ನದ ಬಣ್ಣದಲ್ಲಿ.
ವಾರಕ್ಕೆ ಹತ್ತು, ವರ್ಷಕ್ಕೆ ಐನೂರ ಇಪ್ಪತ್ತು,
ಅದು ಕಲ್ಲು ಮುಟ್ಟುವುದಿಲ್ಲ, ಲೆಕ್ಕ ಲೆಕ್ಕವೇ.
ಎಲ್ಲರೂ ಸರಿ ಅಂದರು.
ಅಯ್ಯನವರು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು.
ನನ್ನದು ನಾಲ್ಕನೇ ಸಾಲು, ಇನಿಷಿಯಲ್ ಸಮೇತ.

ಆಷಾಢದಲ್ಲಿ ನನ್ನ ಹೆಂಡತಿ ಸುಗಂಧಿ
ಕೋಲಾರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ.
ಬಳೆ ಅಡ ಹೋಯಿತು, ಸ್ಕೂಟರ್ ಹೋಯಿತು,
ಕೇಳಿ ಕೇಳಿ ನಾಲಿಗೆ ಒಣಗಿತು.
ಕಲ್ಲಿನ ಮೊದಲ ಮೂರು ಸಾಲಿನವರು
ಪ್ರಾರ್ಥನೆ ಮಾಡುತ್ತೇವೆ ಅಂದರು. ಮಾಡಿಯೂ ಇರಬಹುದು.

ಮನೆಗೆ ಕರೆತಂದ ರಾತ್ರಿ ಬಾಗಿಲ ಸಂದಿಯಲ್ಲಿ
ತೊಳೆದು ಒಣಗಿಸಿದ ಒಂದು ಹಾಲಿನ ಕವರು.
ಒಳಗೆ ನೋಟು, ಎಲ್ಲವೂ ಎಂಟು ಮಡಿಕೆ.
ಬಿಚ್ಚಿ ಬಿಚ್ಚಿ ಹಾಸಿಗೆಯ ಅಂಚಿಗೆ ಹರಡಿದೆ.
ಎರಡು ಸಾವಿರದ ನಾನೂರ ಎಪ್ಪತ್ತು.
ಎಷ್ಟು ವರ್ಷದ್ದು ಎಂದು ಭಾಗಿಸಲು ಹೋಗಿ ಬಿಟ್ಟೆ.
ಏನೋ ವಾಸನೆ, ಅಂದಳು ಸುಗಂಧಿ.
ನನಗೆ ನೆಗಡಿ, ಅಂದೆ.

ಮರುವಾರ ಎದುರಾದಳು. ಹೇಳಬೇಕೆಂದಿದ್ದೆ.
ಅವಳೇ ಮೊದಲು: ಅಕ್ಕ ಗಂಜಿ ಕುಡಿತಾರಾ ಸಾರ್?
ಹುರುಳಿಕಟ್ಟು ಈಗಲೇ ಬೇಡ, ಉಷ್ಣ.
ಅಷ್ಟೇ. ಸೆರಗು ಹೊದ್ದು ಹೆಂಗಸರ ಕಡೆ ಹೋಗಿ ಕೂತಳು.

ಈಗ ಗೂಡಿಗೆ ಬೆಲೆ ಏರಿ ಬೇಸಿನ್ ನಿಂತಿವೆ.
ಮೂರು ವಾರದಿಂದ ಚೀಲ ಹಿಡಿಯುವ ಸರದಿ ನನ್ನದು.
ಸಾಲು ಸಾಲಾಗಿ ಬಂದು ಅವಳ ಮುಂದೆ ನಿಲ್ಲುತ್ತೇನೆ.
ಮುಚ್ಚಿದ ಮುಷ್ಟಿ ಒಳಗಿಳಿಯುತ್ತದೆ,
ತಳ ಮುಟ್ಟುತ್ತದೆ, ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ.
ಏನೂ ಬೀಳುವುದಿಲ್ಲ.
ಮರದ ಹಿಡಿ ಸುಳ್ಳು ಹೇಳುವುದಿಲ್ಲ, ನನಗೆ ತಿಳಿಯುತ್ತದೆ.
ಅವಳು ಕಣ್ಣು ಮುಚ್ಚಿ, ಕೊಟ್ಟವಳ ಹಾಗೆಯೇ
ತಲೆಬಾಗುತ್ತಾಳೆ.

ಕಲ್ಲು ಬಂದು ಗೋಡೆಯಲ್ಲಿ ಕೂತಿದೆ, ನನ್ನ ಹೆಸರೂ ಇದೆ.
ಕೀಳಿಸುವ ಧೈರ್ಯ ಬಂದಿಲ್ಲ.
ಅದರ ಮುಂದೆ ಒಂದು ಕ್ರೋಟನ್ ಕುಂಡ ತಂದಿಟ್ಟಿದ್ದೇನೆ;
ನಾಲ್ಕನೇ ಸಾಲಿನ ಎತ್ತರಕ್ಕೆ ಅದಿನ್ನೂ ಬೆಳೆಯಬೇಕು.

ಹಿಂದಿನ ಕೋಣೆ, ಜಮಖಾನ, ಲೆಕ್ಕದ ಪುಸ್ತಕ.
ಬಾಬ್ತು: ಹೆಸರಿಲ್ಲ.
ಮೊತ್ತ ಎಂಬ ಕಡೆ
ಸೊನ್ನೆ ಬರೆಯಲು ಕೈ ಬಾರದೆ
ಚೀಲವನ್ನು ಒಳಹೊರಗು ಮಾಡಿ
ಮತ್ತೊಮ್ಮೆ ಮೂಸಿ ನೋಡುತ್ತೇನೆ.