ಹನ್ನೊಂದು ಪದರ ಗಚ್ಚು

ಉಮ್ಮ್ ಅಲ್ ಕುವೈನಿನ ಹಿನ್ನೀರು ದಾಟಿದರೆ ಒಂದು ದಿಬ್ಬ.
ದೋಣಿಯಲ್ಲಿ ಹತ್ತು ನಿಮಿಷ. ಇಳಿತವಿದ್ದರೆ
ಮೊಣಕಾಲುದ್ದ ಕೆಸರು, ಚಪ್ಪಲಿ ಕೈಯಲ್ಲಿ.
ನಾನು ಲಕ್ಷ್ಮೇಶ್ವರದ ಗೌಂಡಿ, ಬುಡನ್‌ಸಾಬ.
ಮಾಲ್ ಕಟ್ಟಿದ್ದೇನೆ, ಮೆಟ್ರೋ ಸ್ಟೇಷನ್ನಿಗೆ ಗಿಲಾವು ಮಾಡಿದ್ದೇನೆ;
ಕೆಡವದ ಹಾಗೆ ಕೆದಕುವ ಕೆಲಸ
ಇದೇ ಮೊದಲು.

"ದೈರ್," ಅಂದರು ಹೆಸ್ಸಾ ಮೇಡಂ.
ಏಸುವಿನ ಹೆಸರಲ್ಲಿ ಸಂಸಾರ ಬಿಟ್ಟವರು
ಸಾವಿರದ ನಾನೂರು ವರ್ಷದ ಹಿಂದೆ ಇದ್ದ ಮನೆ.
ಓ, ಮಠ! ಅಂದೆ.
ಹಾಗಾದರೆ ಅಡಿಗೆಮನೆ ಎಲ್ಲಿ?
ನಮ್ಮ ಕಡೆ ಮಠ ಬೆಳೆಯುವುದು ಒಲೆಯಿಂದ; ಗದ್ದುಗೆ ಆಮೇಲೆ.
ಮೇಡಂ ನಕ್ಕರು, ಮೂರನೇ ದಿನ ತೋರಿಸಿದರು:
ಸುಟ್ಟು ಕೆಂಪಾದ ಮಣ್ಣು, ಮೀನಿನ ಮುಳ್ಳು,
ಖರ್ಜೂರದ ಬೀಜ ಒಂದು ಹಿಡಿ,
ಮಗ್ಗುಲಲ್ಲಿ ನೀರಿನ ತೊಟ್ಟಿ.

ತೊಟ್ಟಿ ನೋಡಿದ ಮೇಲೆ ಉಳಿದದ್ದನ್ನು ಯಾರೂ ಹೇಳಬೇಕಾಗಲಿಲ್ಲ.
ಮುತ್ತಿನ ದೋಣಿ. ನಲವತ್ತು ದಿನ ಬರೀ ಉಪ್ಪುನೀರು.
ಕಿವಿಯಿಂದ ರಕ್ತ ಬಂದ ಮುಳುಗುಗಾರನೊಬ್ಬ
ಈ ದಡದಲ್ಲಿ ಬೊಗಸೆ ಒಡ್ಡಿದ್ದಾನೆ.
ಕೊಟ್ಟವರು ಏನನ್ನೂ ಕೇಳಲಿಲ್ಲ. ಕುಡಿದು ಹೋದ.
ಮರುವರ್ಷ ಬಂದಾಗ ಕೊಟ್ಟವರ ಹೆಸರು ಕೇಳಿದ,
ಅದರ ಮರುವರ್ಷ ಅವರ ದೇವರ ಹೆಸರು.
ಆಮೇಲೊಮ್ಮೆ ದೋಣಿ ತುಂಬ ಹವಳದ ಕಲ್ಲು ಹೇರಿಕೊಂಡು ಬಂದು
"ಗೋಡೆ ಎಲ್ಲಿಗೆ ಬಂತು?" ಅಂದ.
ಪುಸ್ತಕದಲ್ಲಿ ಇದು ಬೇರೆ ಥರ ಇದ್ದೀತು:
ದೊರೆಗಳು, ಸಭೆಗಳು, ಮೊಹರು ಒತ್ತಿದ ಓಲೆ.
ನಾನು ಗೌಂಡಿ. ಗೋಡೆ ಹೇಳಿದ್ದನ್ನು ಹೇಳುತ್ತೇನೆ.

ಮರಳೊಳಗೆ ಹೂತು ಒಂದೇ ಗೋಡೆ ಆಳೆತ್ತರ ಉಳಿದಿದೆ.
ಅದಕ್ಕೆ ಹನ್ನೊಂದು ಪದರ ಗಚ್ಚು.
ಉಪ್ಪುಗಾಳಿಗೆ ಹತ್ತು ಹದಿನೈದು ವರ್ಷಕ್ಕೊಮ್ಮೆ ಉದುರುತ್ತದೆ,
ಮತ್ತೆ ಬಳಿಯಬೇಕು.
ಬುಡದ್ದು ಒರಟು; ಇಬ್ಬರ ಕೈ,
ಅದರಲ್ಲೊಬ್ಬನಿಗೆ ಕೆಲಸ ಬಾರದು,
ಜಿಪ್ಸಮ್ ಕೂಡಲೇ ಬಿಗಿಯುತ್ತದೆಂದು ಗೊತ್ತಿಲ್ಲದೆ
ತಡ ಮಾಡಿ, ನೀರು ಸುರಿದು, ಉಂಡೆ ಬಿಟ್ಟಿದ್ದಾನೆ.
ಮುತ್ತು ಹೆಕ್ಕುತ್ತಿದ್ದವನೇ ಇರಬೇಕು.
ಮೂರನೆಯದರಲ್ಲಿ ಅದೇ ಕೈ ಪಳಗಿದೆ,
ಸ್ವಲ್ಪ ನಡುಗಿದೆ ಕೂಡ.
ಐದನೆಯದರಲ್ಲಿ ಎಣಿಸಲಾರೆ: ಅಡ್ಡ ಎಳೆದವರು, ಉದ್ದ ಎಳೆದವರು,
ಮೊಣಕಾಲೆತ್ತರದಲ್ಲಿ ಯಾವುದೋ ಮಗುವಿನ ಅಂಗೈ,
ಬಾಗಿಲ ಬಳಿ ಅಚ್ಚೊತ್ತಿದ ಶಿಲುಬೆ, ತುಸು ವಾರೆ.
ವಾರೆಯಾದದ್ದಕ್ಕೆ ಬೈಸಿಕೊಂಡಿರಬೇಕು.

ಕ್ಯಾಂಪಿನ ರೂಮಿನಲ್ಲಿ ನಾವೂ ಹನ್ನೆರಡು ಮಂದಿ.
ಪರಸ್ಥಳದಲ್ಲಿ ದೇವರು ಹೇಗೆ ಬೇರು ಬಿಡುತ್ತಾನೆಂದು ಬಲ್ಲೆವು:
ಮೊದಲು ಒಂದು ಚಾಪೆ, ಒಂದು ಮೊಳೆ, ಮೊಳೆಗೊಂದು ಕ್ಯಾಲೆಂಡರ್;
ಆಮೇಲೆ ಯಾರದೋ ಜ್ವರಕ್ಕೆ
ಇನ್ಯಾರೋ ಕಾಸಿದ ಗಂಜಿ.

"ಕೊನೆಗೇನಾಯಿತು, ಯುದ್ಧವೇ?" ಗುಲ್‌ಜಮಾನ್ ಕೇಳಿದ,
ಪೇಶಾವರದ ಕಡೆಯವನು, ಹಾಗೇ ಯೋಚಿಸುತ್ತಾನೆ.
ಬೂದಿಯಿಲ್ಲ, ಬಾಣದ ಮೊನೆಯಿಲ್ಲ.
ಹತ್ತನೆಯ ಪದರ ತೆಳು. ಹನ್ನೊಂದನೆಯದು
ಒಬ್ಬನದೇ ಕೈ, ಎಡಗೈ,
ನಿಚ್ಚಣಿಕೆ ಹಿಡಿಯುವವರಿಲ್ಲದೆ
ಎಟುಕಿದಷ್ಟಕ್ಕೇ ನಿಂತುಬಿಟ್ಟಿದೆ.
ಹೊಸಿಲು ಗುಡಿಸಿತ್ತು. ಗಡಿಗೆ ಬೋರಲು ಹಾಕಿತ್ತು,
ಧೂಳು ಬೀಳದಿರಲೆಂದು,
ನಾಳೆ ಬರುವವರು ಹಾಕುವ ಹಾಗೆ.

ಇವತ್ತು ಬಿರುಕು ತುಂಬುವ ಕೆಲಸ.
ಮೇಡಂ ಕಟ್ಟಳೆ: ಹೊಸ ಗಚ್ಚು ಹಳೆಯದಕ್ಕಿಂತ
ಅರ್ಧ ಬೆರಳು ತಗ್ಗಿನಲ್ಲಿರಬೇಕು,
ಯಾರ ಕೈ ಯಾವುದೆಂದು ಮುಂದಿನವರಿಗೆ ತಿಳಿಯಲು.
ಆಗಲಿ. ತಗ್ಗಿನಲ್ಲೇ ಎಳೆದೆ.
ಸಂಜೆ ಸಾಮಾನು ಕಟ್ಟುವಾಗ
ನಿಚ್ಚಣಿಕೆ ಹಿಡಿ ಅಂದೆ ಗುಲ್‌ಜಮಾನ್‌ಗೆ.
ಮೇಲೇನೂ ಕೆಲಸವಿರಲಿಲ್ಲ.
ಎರಡು ಮೆಟ್ಟಿಲು ಹತ್ತಿ,
ಆ ಎಡಗೈಗೆ ಎಟುಕದೆ ಉಳಿದದ್ದೆಷ್ಟೆಂದು ಅಳೆದು ಇಳಿದೆ.
ಎರಡು ಗೇಣು.